ನಾಲ್ಕನೇ ನಂಬರಿನ ಹುಲ್ಲು ಕೊಯ್ಲು

"ನಿಮ್ಮಪ್ಪ ಈ ಹುಲ್ಲನ್ನ ಹೇಗೆ ಕೊಯ್ತಿದ್ರು, ಡೋಲೀನಾ?"

ಡೋಲೀನಾ ಅಂಚೆಯ ಚೀಲವನ್ನು ಹೆಗಲಿನಿಂದ ಇಳಿಸಿ, ಗೇಟಿನ ಕಂಬಕ್ಕೆ ಆನಿಸಿ, ಒಳಗೆ ಕೈಹಾಕಿ ತಡಕಿದಳು. ಐಲ್ಸಾಳಿಗೆ ಬಂದದ್ದು ಎರಡೇ: ಅವಳ ತಾಯಿಯ ಒಂದು ಕಾಗದ, ಮಕ್ಕಳ ಬೂಟ್ಸಿನ ಒಂದು ಪೊಟ್ಟಣ. ಎರಡೂ ಮೇಲೇ ಇದ್ದವು. ಆದರೂ ಡೋಲೀನಾ ಚೀಲದ ತಳದವರೆಗೆ ತಡಕಿದಳು.

"ವಾರ್ಡನ್‌ನ ಕೇಳೋಣ ಅಂದ್ರೆ ಅವನು ಹಕ್ಕಿ ಎಣಿಸೋಕೆ ಅಂತ ಕಡಲ ನಡುವಿನ ಬಂಡೆಗೆ ಹೋಗಿ ಸಿಕ್ಕಿಹಾಕ್ಕೊಂಡಿದಾನೆ," ಐಲ್ಸಾ ಒಂದೇ ಉಸಿರಿಗೆ ಹೇಳುತ್ತಿದ್ದಳು. "ಅಲೆ ಇಳಿಯೋವರೆಗೆ ದೋಣಿ ಹೋಗಲ್ಲ, ಸೋಮವಾರ ಬರ್ತಾನಂತೆ. ಒಣಹವೆ ಇರೋದು ಮಂಗಳವಾರದವರೆಗೆ ಮಾತ್ರ. ನಾಳೆ ಶನಿವಾರ ಕೊಯ್ಯಬೇಕು. ಭಾನುವಾರ ಮುಟ್ಟೋ ಹಾಗಿಲ್ಲ, ಅದನ್ನ ನೀವೇ ಹೇಳಿದ್ರಿ. ಸೋಮವಾರ ಕೊಯ್ದ್ರೆ ಒಣಗೋದೇ ಇಲ್ಲ. ಕರಾರು ಪತ್ರದಲ್ಲಿ ನೋಡಿದೆ. ‘ಹಕ್ಕಿಗೆ ತೊಂದರೆಯಾಗದ ಕ್ರಮದಲ್ಲಿ ಕೊಯ್ಯತಕ್ಕದ್ದು’ ಅಂತಿದೆ ಅಷ್ಟೇ. ಯಾವ ಕ್ರಮ ಅಂತಿಲ್ಲ. ಎಲ್ಲರಿಗೂ ಗೊತ್ತಿರೋದನ್ನ ಯಾರು ಬರೀತಾರೆ, ಅಲ್ವಾ?"

ಗೇಟಿನ ಆಚೆ ಹುಲ್ಲು ಸೊಂಟದೆತ್ತರ ನಿಂತಿತ್ತು. ಕಲ್ಲಿನ ಗೋಡೆಯಿಂದ ಕಲ್ಲಿನ ಗೋಡೆಯವರೆಗೆ ನಾಲ್ಕು ಎಕರೆ. ಬ್ರೂನಸೇ ದ್ವೀಪದ ಹನ್ನೊಂದು ಜಮೀನುಗಳಲ್ಲಿ ಇಷ್ಟು ದಟ್ಟವಾದ ಹುಲ್ಲು ಈ ನಾಲ್ಕನೇ ನಂಬರಿನದೇ. ಡೋಲೀನಾಳ ಅಪ್ಪ ಟಾರ್ಕ್ವಿಲ್ ನಲವತ್ತು ವರ್ಷ ಗೊಬ್ಬರಕ್ಕೆಂದು ಕಡಲ ಪಾಚಿಯನ್ನು ಬೆನ್ನ ಮೇಲೆ ಹೊತ್ತು ತಂದು ಸುರಿದ ನೆಲ ಅದು. ಆ ಹೊರೆಯ ಅರ್ಧವನ್ನು ಡೋಲೀನಾಳೂ ಹೊತ್ತಿದ್ದಳು.

"ಅಪ್ಪ ಗೋಡೆ ಹಿಡ್ಕೊಂಡು ಸುತ್ತು ಹಾಕ್ತಿದ್ದ," ಎಂದಳು ಡೋಲೀನಾ. "ಗೋಡೆಯಿಂದ ಒಳಕ್ಕೆ. ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸ್ತಿದ್ದ."

"ಹಕ್ಕಿಗಳಿಗೆ ಏನೂ ಆಗ್ತಿರ್ಲಿಲ್ವಾ?"

"ಅಯ್ಯೋ, ಆಗ ಅವುಗಳ ಕೂಗಿಗೆ ನಮಗೆ ನಿದ್ದೇನೇ ಬರ್ತಿರ್ಲಿಲ್ಲ ಕಣೇ. ಅಪ್ಪ ಕಿಟಕಿಯಿಂದ ಬೂಟು ಎಸೀತಿದ್ದ."

ಐಲ್ಸಾ ಬಾಯ್ತುಂಬ ನಕ್ಕಳು. ಡೋಲೀನಾಳ ಕೈಯನ್ನು ಎರಡೂ ಕೈಯಿಂದ ಹಿಡಿದು, "ನೀವೊಬ್ರು ಇಲ್ದಿದ್ರೆ ಈ ಊರಲ್ಲಿ ನನ್ನ ಗತಿ ಏನಾಗ್ತಿತ್ತೋ," ಎಂದಳು. ಡೋಲೀನಾ ಕೈ ಬಿಡಿಸಿಕೊಂಡು ಚೀಲವನ್ನು ಹೆಗಲಿಗೇರಿಸಿದಳು.

ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅಪ್ಪ ಹಾಗೆಯೇ ಕೊಯ್ಯುತ್ತಿದ್ದ, ಬೂಟನ್ನೂ ಎಸೆಯುತ್ತಿದ್ದ. ಆದರೆ ಅಪ್ಪನ ಕಾಲ ಮುಗಿದು, ಕ್ರೇಕ್ ಹಕ್ಕಿ ಸುತ್ತಲ ದ್ವೀಪಗಳಲ್ಲೆಲ್ಲ ನಾಶವಾಗಿ, ಸಂರಕ್ಷಣಾ ಮಂಡಳಿಯವರು ಬಂದು ಬ್ರೂನಸೇಯನ್ನೇ ಕೊಂಡುಕೊಂಡು ಇಪ್ಪತ್ತು ವರ್ಷವಾಗಿತ್ತು. ಈಗ ಕೊಯ್ಲು ಆಗಸ್ಟಿನ ನಡುವಿಗೆ ಮೊದಲು ಇಲ್ಲ. ಕೊಯ್ಯುವಾಗ ನಡುವಿನಿಂದ ಶುರು ಮಾಡಿ ಗೋಡೆಯ ಕಡೆಗೆ ಬರಬೇಕು. ಕ್ರೇಕ್ ಪಾರಿವಾಳಕ್ಕಿಂತ ಚಿಕ್ಕದಾದ, ಒಣಹುಲ್ಲಿನ ಬಣ್ಣದ ಹಕ್ಕಿ. ಬಯಲು ಕಂಡರೆ ಅದಕ್ಕೆ ಜೀವಭಯ. ನಡುವಿನಿಂದ ಕೊಯ್ದರೆ ಅದು ಹಾರಲು ಬಾರದ ಮರಿಗಳನ್ನು ಕಟ್ಟಿಕೊಂಡು ನಿಂತ ಹುಲ್ಲಿನೊಳಗೇ ಓಡಿ ಗೋಡೆಬುಡದ ತುರಿಕೆಗಿಡ ಸೇರಿ ಬದುಕುತ್ತದೆ. ಗೋಡೆಯಿಂದ ಕೊಯ್ದರೆ ನಡುವಿಗೆ, ಇನ್ನೂ ನಡುವಿಗೆ ಸರಿಯುತ್ತದೆ. ಕೊನೆಯ ಸುತ್ತಿನವರೆಗೆ ಅಲ್ಲೇ ಇರುತ್ತದೆ. ಇದು ಬ್ರೂನಸೇಯ ಕೂಸಿಗೂ ಗೊತ್ತು.

ಐಲ್ಸಾಳಿಗೆ ಗೊತ್ತಿರಲಿಲ್ಲ. ಬ್ರೂನಸೇಯಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಗೊತ್ತಿದ್ದವರು ಇರುತ್ತಾರೆ, ಗೊತ್ತಿಲ್ಲದವರು ಹೋಗುತ್ತಾರೆ. ಅವಳು ಬಂದ ಹೊಸದರಲ್ಲಿ ಹನ್ನೊಂದು ಭಾನುವಾರ ಹಗ್ಗದ ಮೇಲೆ ಬಟ್ಟೆ ಒಣಗಹಾಕಿದ್ದಳು. ದೇವರ ದಿನದಂದು ಕೋಳಿಗೆ ಕಾಳು ಹಾಕುವುದಕ್ಕೂ ಹಿಂದೆಮುಂದೆ ನೋಡುವ ಊರು ಚರ್ಚಿನಿಂದ ಬರುತ್ತ ಅವಳ ಗಂಡನ ಒಳಚಡ್ಡಿಗಳ ಕೆಳಗೇ ಹಾದುಹೋಗುತ್ತಿತ್ತು. ಎಲ್ಲರೂ ನಗುನಗುತ್ತ "ಒಳ್ಳೇ ಗಾಳಿ ಇದೆ ಅಲ್ವಾ" ಎನ್ನುತ್ತಿದ್ದರು. ಹನ್ನೆರಡನೆಯ ವಾರ ಅಂಚೆಚೀಟಿಗೆ ಬಂದವಳು ಕೇಳಿದಾಗ ಡೋಲೀನಾ ಹೇಳಿದಳು. ಅಂದು ಐಲ್ಸಾ ಅತ್ತುಬಿಟ್ಟಿದ್ದಳು. ಅಂದಿನಿಂದ ಏನು ಬೇಕಾದರೂ ಡೋಲೀನಾಳನ್ನೇ ಕೇಳುತ್ತಿದ್ದಳು.

ನಾಲ್ಕನೇ ನಂಬರು ಡೋಲೀನಾಳಿಗೆ ಬರಬೇಕಿತ್ತು. ಅಪ್ಪ ಸತ್ತಾಗ ತಮ್ಮ ರೋರಿ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡ, ಕುಡಿದ, ಬಿಟ್ಟುಕೊಟ್ಟ, ಎಲ್ಲೋ ಪರವೂರಿನಲ್ಲಿ ಸತ್ತ. ಜಮೀನು ಮಂಡಳಿಗೆ ವಾಪಸಾಯಿತು. ಡೋಲೀನಾ ಅರ್ಜಿ ಹಾಕಿದಳು. ಊರ ಸಮಿತಿ ಕೂತು ನೋಡಿದಾಗ ಶಾಲೆಯಲ್ಲಿ ಉಳಿದಿದ್ದವರು ಮೂರೇ ಮಕ್ಕಳು. ಐಲ್ಸಾಳಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. "ಐವತ್ತೆಂಟರ ಮುದಿಕನ್ಯೆಗೆ ಹೊಲ ಕೊಟ್ರೆ ಅದರಲ್ಲಿ ಮಕ್ಕಳು ಮೊಳೀತಾವಾ?" ಎಂದು ಫಿನ್ಲೇ ಎಲ್ಲರೆದುರಿಗೆ ಹೇಳಿದ. ಎಲ್ಲರೂ ನಕ್ಕರು. ಡೋಲೀನಾಳೂ ನಕ್ಕಳು. ಮನೆಗೆ ಬಂದು, ಬಂದರಿನ ಪಕ್ಕದ ಎರಡು ಕೋಣೆಯ ಆ ಮನೆಯಲ್ಲಿ, ಅಪ್ಪನ ಹೊಲ ಕಾಣುವ ಕಿಟಕಿಗೆ ಬೆನ್ನು ಹಾಕಿ ಊಟ ಮಾಡಿದಳು.

ಹೊಸಬರಿಗೆ ಮೊದಲ ವರ್ಷ ಪರೀಕ್ಷೆಯ ವರ್ಷ. ಹಕ್ಕಿಯ ಕರಾರು ಮುರಿದರೆ ಊರ ಸಮಿತಿ ಕೂತು ಇರಬೇಕೋ ಹೋಗಬೇಕೋ ಎಂದು ತೀರ್ಮಾನಿಸುತ್ತದೆ. ಹೋದರೆ ಜಮೀನು ಎರಡನೇ ಅರ್ಜಿದಾರರಿಗೆ. ಎರಡನೇ ಅರ್ಜಿ ಡೋಲೀನಾಳದು.

ಶನಿವಾರ ಬೆಳಿಗ್ಗೆ ಟ್ರ್ಯಾಕ್ಟರಿನ ಸದ್ದು ಕೇಳಿದಾಗ ಡೋಲೀನಾ ಏಳನೇ ನಂಬರಿನ ಮನೆಗೆ ಅಂಚೆ ಕೊಡುತ್ತಿದ್ದಳು. ಉಳಿದ ನಾಲ್ಕು ಮನೆಗಳಿಗೆ ಹೋಗುವ ಹಾದಿ ಬೇರೆ ಇತ್ತು. ಅವಳ ಕಾಲು ಅವಳನ್ನು ನಾಲ್ಕನೇ ನಂಬರಿನ ಗೋಡೆಗೆ ತಂದು ನಿಲ್ಲಿಸಿತು. ಅಲ್ಲಿ ಆಗಲೇ ಫಿನ್ಲೇ ಗೋಡೆಯ ಮೇಲೆ ಮೊಣಕೈ ಊರಿ ಪೈಪು ಸೇದುತ್ತಿದ್ದ. ಊರ ಹುಲ್ಲುಗಾವಲುಗಳ ಗುಮಾಸ್ತ ಅವನು, ಎಪ್ಪತ್ತು ದಾಟಿದವನು. ಊರಿಗಿರುವ ಒಂದೇ ಟ್ರ್ಯಾಕ್ಟರು ಅವನ ಷೆಡ್ಡಿನಲ್ಲಿರುತ್ತದೆ. ನಿನ್ನೆ ಸಂಜೆ ಐಲ್ಸಾ ಕೀಲಿಗೆ ಬಂದಾಗ ಅವನು ಬ್ಲೇಡಿಗೆ ಎಣ್ಣೆ ಹಾಕಿ ಕೊಟ್ಟಿದ್ದ, ಗೇರು ಹೇಗೆ ಹಾಕಬೇಕೆಂದು ತೋರಿಸಿದ್ದ. ಎಲ್ಲಿಂದ ಶುರು ಮಾಡಬೇಕೆಂದು ಮಾತ್ರ ಹೇಳಿರಲಿಲ್ಲ. ಅವಳು ಕೇಳಲಿಲ್ಲವಲ್ಲ.

ಐಲ್ಸಾ ಗೋಡೆಯ ಬುಡದಲ್ಲಿ ಮೂರು ಸುತ್ತು ಮುಗಿಸಿದ್ದಳು. ಗೋಡೆಗೂ ನಿಂತ ಹುಲ್ಲಿಗೂ ನಡುವೆ ಮೂರು ಮಾರು ಬೋಳು ನೆಲ ಬಿದ್ದಿತ್ತು.

"ನೋಡೇ ಡೋಲಿ," ಎಂದ ಫಿನ್ಲೇ ಪೈಪಿನಿಂದ ತೋರಿಸುತ್ತ. "ಆ ಮೂಲೇಲಿ ತಿರುಗಿಸೋದು ನೋಡು. ಥೇಟು ನಿಮ್ಮಪ್ಪನ ಸುತ್ತು. ಟಾರ್ಕ್ವಿಲ್ಲೇ ಎದ್ದು ಬಂದ ಹಾಗಿದೆ."

ಡೋಲೀನಾ ಅಂಚೆಯ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

ಅಂಗಡಿಯ ಕಿರ್ಸ್ಟಿ ಏಪ್ರನ್ನಿನಲ್ಲೇ ಓಡಿಬಂದಳು. ಕುರಿಗಳನ್ನು ದಂಡೆಗೆ ಹೊಡೆದು ಬಂದ ಇಬ್ಬರು ಅಣ್ಣತಮ್ಮಂದಿರು ನಾಯಿಗಳ ಸಮೇತ ಬಂದು ನಿಂತರು. ಹನ್ನೊಂದು ಗಂಟೆಯ ಹೊತ್ತಿಗೆ ಗೋಡೆಯುದ್ದಕ್ಕೂ ಒಂಬತ್ತು ಜನ. ಮೂವತ್ತೊಂದು ಜನರ ದ್ವೀಪದಲ್ಲಿ ಒಂಬತ್ತು ಜನ ಅಂದರೆ ಜಾತ್ರೆ.

"ಯಾರು ಹೇಳಿಕೊಟ್ರಪ್ಪ ಇವಳಿಗೆ ಹೀಗೆ ಕೊಯ್ಯೋಕೆ?" ಎಂದಳು ಕಿರ್ಸ್ಟಿ.

"ಪಟ್ಟಣದೋರಿಗೆ ಯಾರು ಹೇಳಿಕೊಡ್ತಾರೆ? ಅವರು ಹುಟ್ಟುತ್ಲೇ ಕಲ್ತಿರ್ತಾರೆ," ಎಂದ ಫಿನ್ಲೇ. ಅವನ ಕಣ್ಣು ಡೋಲೀನಾಳನ್ನು ಬಿಟ್ಟು ಕದಲಲಿಲ್ಲ.

"ಕೂಗಿ ಹೇಳ್ಬಾರ್ದಾ ಯಾರಾದ್ರೂ?"

"ಆ ಸದ್ದಲ್ಲಿ ಎಲ್ಲಿ ಕೇಳುತ್ತೆ?"

"ಕೈ ಬೀಸಿದ್ರೆ ಕಾಣಲ್ವಾ?"

"ಬೀಸು ಮತ್ತೆ. ನಿನಗೇನು ಕೈ ಇಲ್ವಾ?"

ಕಿರ್ಸ್ಟಿ ಏಪ್ರನ್ನಿನ ಜೇಬಿನಿಂದ ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಟ್ರ್ಯಾಕ್ಟರು ಅವರ ಎದುರಿಗೇ ಹಾದುಹೋಯಿತು. ಐಲ್ಸಾ ಎಲ್ಲರನ್ನೂ ನೋಡಿದಳು. ತನ್ನ ಮೊದಲ ಕೊಯ್ಲು ನೋಡಲು ಊರಿಗೆ ಊರೇ ಬಂದಿದೆ ಎಂದುಕೊಂಡಳೋ ಏನೋ, ಮುಖ ಅರಳಿತು. ತಲೆಯ ಟೋಪಿ ತೆಗೆದು ಮೇಲೆತ್ತಿ ಬೀಸಿದಳು.

ಆಗ ಎಲ್ಲರೂ ಕೈ ಬೀಸಿದರು. ಫಿನ್ಲೇ ಬೀಸಿದ, ಕಿರ್ಸ್ಟಿ ಬೀಸಿದಳು, ಅಣ್ಣತಮ್ಮಂದಿರು ಬೀಸಿದರು. ಡೋಲೀನಾಳೂ ಕೈಯೆತ್ತಿ ಬೀಸಿದಳು.

ಸುತ್ತಿನ ಮೇಲೆ ಸುತ್ತು ಬಿದ್ದು ನಿಂತ ಹುಲ್ಲು ಒಂದು ಎಕರೆಗೆ ಇಳಿಯಿತು, ಅರ್ಧ ಎಕರೆಗೆ ಇಳಿಯಿತು. ಗಾಳಿಯಿಲ್ಲದಿದ್ದರೂ ಅದರ ತುದಿ ಅಲ್ಲಲ್ಲಿ ಅಲುಗುತ್ತಿತ್ತು. ಗೋಡೆಯ ಬಳಿ ನಿಂತವರಿಗೆ ಅದು ಚೆನ್ನಾಗಿ ಕಾಣುತ್ತಿತ್ತು. ಟ್ರ್ಯಾಕ್ಟರಿನ ಮೇಲೆ ಕೂತವಳು ಬ್ಲೇಡನ್ನು ನೋಡುತ್ತಿದ್ದಳು. ಈಗ ಕೂಗಿದರೂ ಸಾಕು, ಈಗ ಗೋಡೆ ಹಾರಿ ಓಡಿದರೂ ಸಾಕು ಎಂದು ಡೋಲೀನಾಳಿಗೆ ಅನಿಸಿತು. ಹಾಗೆ ಅನಿಸಿದ್ದು ಒಮ್ಮೆಯಲ್ಲ. ಪ್ರತಿ ಸುತ್ತಿಗೂ ಅನಿಸಿತು. ಪ್ರತಿ ಸುತ್ತಿಗೂ ಅವಳು ಅಪ್ಪನ ಹೊಲದ ಮೂಲೆಯನ್ನು ನೋಡಿದಳು, ಅಲ್ಲಿ ತಾನು ಬೆನ್ನು ಬಗ್ಗಿಸಿ ಪಾಚಿ ಹರಡಿದ್ದನ್ನು ನೆನೆದಳು, ಇನ್ನೊಂದು ಸುತ್ತು ಹೋಗಲಿ ಎಂದುಕೊಂಡಳು.

ಮೊದಲು ಬಂದದ್ದು ಕಡಲಕಾಗೆಗಳು. ಕಪ್ಪು ಬೆನ್ನಿನ ದೊಡ್ಡವು. ಎಲ್ಲಿಂದ ತಿಳಿಯಿತೋ, ಕೊಯ್ದ ನೆಲದ ಮೇಲೆ ಸಾಲಾಗಿ ಇಳಿದು ನಿಂತ ಹುಲ್ಲಿಗೆ ಮುಖಮಾಡಿ ಕಾದವು. ಆಮೇಲೆ ಹುಲ್ಲಿನ ಅಂಚಿನಿಂದ ಬೆರಳುದ್ದದ ಒಂದು ಕಪ್ಪು ಮರಿ ಹೊರಬಂತು. ಬಯಲು ಕಂಡು ತಬ್ಬಿಬ್ಬಾಗಿ ನಿಂತಿತು. ಒಂದು ಕಾಗೆ ಎರಡು ಹೆಜ್ಜೆ ನಡೆದು ಬಂದು ಅದನ್ನು ಹಾಗೇ ನುಂಗಿತು.

ಕೊನೆಯ ಸುತ್ತಿಗೆ ಎರಡು ಸುತ್ತು ಬಾಕಿಯಿದ್ದಾಗ ಐಲ್ಸಾ ಟ್ರ್ಯಾಕ್ಟರ್ ನಿಲ್ಲಿಸಿದಳು. ಬ್ಲೇಡಿನಲ್ಲಿ ಏನೋ ಸಿಕ್ಕಿತೆಂದು ಇಳಿದು ನೋಡಿದಳು, ಬಗ್ಗಿದಳು, ಬಗ್ಗಿದಲ್ಲೇ ಕೂತಳು. ಮರುಗಳಿಗೆ ಎದ್ದು ಕೋಟು ಕಿತ್ತು ಕಾಗೆಗಳ ಮೇಲೆ ಬೀಸುತ್ತ ಅತ್ತ ಓಡಿದಳು, ಇತ್ತ ಓಡಿದಳು. ಅತ್ತ ಓಡಿದಾಗ ಇತ್ತಲಿನ ಕಾಗೆಗಳು ತಿಂದವು. "ಬನ್ರೋ! ಯಾರಾದ್ರೂ ಬನ್ನಿ! ನಾಯಿ ಬಿಡ್ರೋ ಇವುಗಳ ಮೇಲೆ!" ಎಂದು ಕಿರುಚಿದಳು. ಟ್ರ್ಯಾಕ್ಟರಿನ ಸದ್ದು ನಿಂತಿದ್ದರಿಂದ ಈ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಎಲ್ಲರಿಗಿಂತ ಮೊದಲು ಗೋಡೆ ಹತ್ತಿ ಇಳಿದವಳು ಡೋಲೀನಾ. ಈಗ ಇಳಿಯುವುದರಲ್ಲಿ ಅಪಾಯವಿರಲಿಲ್ಲ.

ಕಾಗೆಗಳಿಗೆ ಸಿಗದೆ ಉಳಿದದ್ದನ್ನು ಐಲ್ಸಾ ತನ್ನ ಕೋಟಿನ ಮೇಲೆ ಸಾಲಾಗಿ ಇಟ್ಟಳು. ಎರಡು ತಾಯಿಹಕ್ಕಿ, ಹದಿಮೂರು ಮರಿ. ಒಂದು ತಾಯಿಗೆ ಕಾಲೇ ಇರಲಿಲ್ಲ, ಇನ್ನೂ ಜೀವವಿತ್ತು. ಫಿನ್ಲೇ ಅದನ್ನೆತ್ತಿ ಕತ್ತು ತಿರುಗಿಸಿ ವಾಪಸು ಇಟ್ಟ. "ಹೂತುಬಿಡಮ್ಮ," ಎಂದ ಮೆಲ್ಲಗೆ, ನಿಜವಾದ ಕನಿಕರದಿಂದಲೇ. "ವಾರ್ಡನ್ ಬರೋದು ಸೋಮವಾರ. ಹಕ್ಕಿ ಎದ್ದು ಹೋಗಿತ್ತು ಅಂದ್ರಾಯ್ತು. ನಾವ್ಯಾರೂ ತುಟಿ ಬಿಚ್ಚಲ್ಲ."

ತುಟಿ ಬಿಚ್ಚದಿರುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಐಲ್ಸಾ ಬೇಡವೆಂದು ತಲೆಯಾಡಿಸಿದಳು. ಅವಳ ಕೈಗೆ, ಕೆನ್ನೆಗೆಲ್ಲ ರಕ್ತ ಮೆತ್ತಿತ್ತು. ಡೋಲೀನಾಳ ಕಡೆ ತಿರುಗಿ, "ನೀವು ಹೇಳಿದ ಹಾಗೇ ಮಾಡಿದೆ ಅಲ್ವಾ?" ಎಂದು ಕೇಳಿದಳು. ಅದರಲ್ಲಿ ಆರೋಪ ಇರಲಿಲ್ಲ. ತಾನೆಲ್ಲಿ ತಪ್ಪಿದೆ ಎಂದು ತಿಳಿಯುವ ಆತುರವಿತ್ತು.

"ಅಪ್ಪ ಹಾಗೇ ಮಾಡ್ತಿದ್ದ," ಎಂದಳು ಡೋಲೀನಾ.

ಐಲ್ಸಾ ಅವಳ ಮುಖ ನೋಡಿದಳು. ಆಮೇಲೆ ಗೋಡೆಯ ಹತ್ತಿರ ಇನ್ನೂ ನಿಂತಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಬೆಳಗಿನಿಂದ ಅವರು ಎಷ್ಟು ಹೊತ್ತು ಅಲ್ಲಿ ನಿಂತಿದ್ದರು ಎಂದು ಲೆಕ್ಕ ಹಾಕುತ್ತಿದ್ದಾಳೆಂದು ಡೋಲೀನಾಳಿಗೆ ಗೊತ್ತಾಯಿತು. ಕೊನೆಗೆ ಐಲ್ಸಾ ಕೋಟಿನ ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟಿಕೊಂಡು ಮನೆಯೊಳಗೆ ಹೋದಳು.

ಸೋಮವಾರ ಡೋಲೀನಾ ಅಂಚೆ ತಂದಾಗ ವಾರ್ಡನ್ ಹೆಡ್ಲಿ ಐಲ್ಸಾಳ ಅಡುಗೆಮನೆಯಲ್ಲಿ ಕೂತಿದ್ದ. ಇಪ್ಪತ್ತಾರರ ಹುಡುಗ. ಬಂಡೆಯಿಂದ ಇಳಿದವನನ್ನು ಐಲ್ಸಾ ಬಂದರಿನಲ್ಲೇ ಹಿಡಿದು, ನಡೆದದ್ದನ್ನು ತಾನೇ ಹೇಳಿ ಕರೆತಂದಿದ್ದಳು. ಮೇಜಿನ ಮೇಲೆ ಕೋಟಿನ ಗಂಟು ಬಿಚ್ಚಿತ್ತು. ಹೆಡ್ಲಿಯ ಕಣ್ಣು ಕೆಂಪಾಗಿತ್ತು.

"ಒಳಗೆ ಬನ್ನಿ ಡೋಲೀನಾ," ಎಂದಳು ಐಲ್ಸಾ. ಹಿಂದೆಲ್ಲ ಕರೆಯುತ್ತಿದ್ದ ಹಾಗೆಯೇ ಕರೆದಳು, ಚಹಾ ಬಗ್ಗಿಸಿದಳು.

"ನನಗೆ ಒಂದೇ ಅರ್ಥ ಆಗ್ತಿಲ್ಲ," ಹೆಡ್ಲಿ ಹೇಳುತ್ತಿದ್ದ. "ಗೋಡೆಯಿಂದ ಒಳಕ್ಕೆ ಕೊಯ್ಯಬೇಕು ಅಂತ ನಿಮಗೆ ಯಾಕೆ ತೋಚ್ತು? ಯಾರಾದ್ರೂ ಹೇಳಿದ್ರಾ? ಹೇಳಿದ್ರೆ ಹೇಳ್ಬಿಡಿ. ವರದಿ ಬರೆಯೋದೇ ಬೇರೆ ಥರ ಆಗುತ್ತೆ. ತಪ್ಪು ನಿಮ್ಮದಾಗಲ್ಲ."

ಡೋಲೀನಾ ಲೋಟವನ್ನು ಬಾಯಿಯ ಹತ್ತಿರ ಒಯ್ದು ಹಾಗೇ ಹಿಡಿದಳು. ಐಲ್ಸಾ ಅವಳನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಹೇಳು ಎಂದು ಬಾಯಿ ಬಿಟ್ಟು ಕೇಳಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

"ಯಾರೂ ಹೇಳ್ಲಿಲ್ಲ," ಎಂದಳು ಐಲ್ಸಾ. "ನನಗೆ ತೋಚಿದ ಹಾಗೆ ಕೊಯ್ದೆ."

ಮನೆಗೆ ಬರುವ ದಾರಿಯುದ್ದಕ್ಕೂ ಡೋಲೀನಾ ದಾಪುಗಾಲು ಹಾಕಿ ನಡೆದಳು. ಉಪಕಾರ ಮಾಡ್ತಾಳಂತೆ, ಉಪಕಾರ! ಅವಳು ಮಾಡಿದ್ದು ಉಪಕಾರವಲ್ಲ ಎಂದು ಡೋಲೀನಾಳಿಗೆ ಗೊತ್ತಿತ್ತು. ನೆರೆಯವಳ ಮೇಲೆ ದೂರು ಹೇಳಿದವಳು ಈ ದ್ವೀಪದಲ್ಲಿ ಒಂದು ಚಳಿಗಾಲ ಬದುಕಲಾರಳು ಎನ್ನುವುದನ್ನು ಐಲ್ಸಾ ಕೊನೆಗೂ ಕಲಿತಿದ್ದಳು. ಇಲ್ಲಿಯೇ ಬಾಳುವ ಆಸೆ ಇನ್ನೂ ಇತ್ತು ಅವಳಿಗೆ, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದಳು. ಹೇಳುವ ಕೆಲಸವನ್ನು ಡೋಲೀನಾಳಿಗೇ ಬಿಟ್ಟಿದ್ದಳು. ಸಿಟ್ಟು ಬಂದದ್ದು ಅದಕ್ಕೆ. ಬೈದಿದ್ದರೆ, ಜುಟ್ಟು ಹಿಡಿದು ಎಳೆದಿದ್ದರೆ ಎಷ್ಟು ಹಗುರಾಗುತ್ತಿತ್ತು!

ಗುರುವಾರ ಸಂಜೆ ಶಾಲೆಯ ಕೋಣೆಯಲ್ಲಿ ಸಮಿತಿ ಸೇರಿತು. ಡೋಲೀನಾಳೂ ಸೇರಿ ಏಳು ಜನ ಸದಸ್ಯರು ಮಕ್ಕಳ ಕುರ್ಚಿಗಳಲ್ಲಿ ಮಂಡಿ ಎದೆಗೆ ತಾಗುವ ಹಾಗೆ ಕೂತರು. ಗೋಡೆಯ ಮೇಲೆ ಐಲ್ಸಾಳ ದೊಡ್ಡ ಮಗಳು ಬರೆದ ಕ್ರೇಕ್ ಹಕ್ಕಿಯ ಚಿತ್ರವಿತ್ತು. ಯಾರೋ ಅದನ್ನು ತೆಗೆದು ಮೇಜಿನೊಳಗೆ ಇಟ್ಟರು. ಐಲ್ಸಾ ಬಾಗಿಲ ಪಕ್ಕ ಒಬ್ಬಳೇ ಕೂತಿದ್ದಳು. ಗಂಡ ಡೇವಿ ಮೀನಿನ ದೋಣಿಯಿಂದ ಇನ್ನೂ ಬಂದಿರಲಿಲ್ಲ.

ಹೆಡ್ಲಿ ಮಂಡಳಿಯ ಕಾಗದ ಓದಿದ. ಅದರ ಸಾರ ಇಷ್ಟೇ: ತಪ್ಪು ದೊಡ್ಡದು, ಆದರೆ ತಪ್ಪನ್ನು ತಾನಾಗಿ ಬಂದು ಒಪ್ಪಿಕೊಂಡಿದ್ದಾಳೆ. ಊರಿನವರು ಇರಲಿ ಅಂದರೆ ಮಂಡಳಿಯ ಅಡ್ಡಿಯಿಲ್ಲ.

"ಏನಾದ್ರೂ ಹೇಳೋದಿದೆಯೇನಮ್ಮ?" ಎಂದು ಕೇಳಿದ ಫಿನ್ಲೇ.

ಐಲ್ಸಾ ಎದ್ದು ನಿಂತಳು. "ಬೇಕಂತ ಮಾಡಿದ್ದಲ್ಲ," ಎಂದಳು. "ಗೊತ್ತಿರ್ಲಿಲ್ಲ. ಇನ್ಮೇಲೆ ಗೊತ್ತಿರುತ್ತೆ. ನಾವು ಇಲ್ಲೇ ಇರ್ಬೇಕು ಅಂತ ಆಸೆ." ಅಲ್ಲಿಗೆ ಮಾತು ಮುಗಿದಿತ್ತು. ಅವಳು ಮಾತ್ರ ಕೂರಲಿಲ್ಲ. ಇನ್ನೊಬ್ಬರ ಮಾತಿಗೆ ಕಾಯುವವಳ ಹಾಗೆ ನಿಂತೇ ಇದ್ದಳು. ಡೋಲೀನಾ ತನ್ನ ಉಗುರಿನ ಸಂದಿಯಲ್ಲಿದ್ದ ಮಣ್ಣನ್ನು ನೋಡಿಕೊಂಡಳು. ನಾನೇ ಹೇಳಿದ್ದು. ಎರಡೇ ಪದ. ನಾಲಗೆಯ ತುದಿಗೆ ಬಂದಿತ್ತು. ಅಲ್ಲೇ ಕೂತಿತು.

ಐಲ್ಸಾ ಕೂತಳು.

"ಊರು ಬಿಟ್ಟು ಹೋಗ್ಲಿ ಅನ್ನೋರು ಕೈ ಎತ್ತಿ," ಎಂದ ಫಿನ್ಲೇ.

ಯಾರೂ ಎತ್ತಲಿಲ್ಲ. ಕಿರ್ಸ್ಟಿ ಕೆಮ್ಮಿದಳು. ಒಬ್ಬೊಬ್ಬರಾಗಿ ಎಲ್ಲರೂ ಡೋಲೀನಾಳ ಕಡೆ ತಿರುಗಿದರು. ಫಿನ್ಲೇ ಪೈಪನ್ನು ಅಂಗೈಗೆ ಬಡಿದು, "ನಿಮ್ಮಪ್ಪನ ನೆಲ ಕಣೇ ಡೋಲಿ. ನೀನು ಹೇಗೆ ಹೇಳ್ತೀಯೋ ಹಾಗೆ," ಎಂದ. ಗೋಡೆಯ ಬಳಿ ತಾವೆಲ್ಲ ಕಳೆದ ಬೆಳಗನ್ನು ಪೂರ್ತಿ ಅವಳ ಮಡಿಲಿಗೆ ಹಾಕಿ ಕೈತೊಳೆದುಕೊಂಡರು. ಅದು ಅವಳಿಗೆ ಅರ್ಥವಾಯಿತು. ಹೋಗುವುದು ಬೇಡವೆಂದರೆ ಎಲ್ಲರೂ ಬೇಡವೆನ್ನುತ್ತಾರೆ, ಐಲ್ಸಾ ಉಳಿಯುತ್ತಾಳೆ. ದಿನಾ ಆ ಗೇಟಿಗೆ ಅಂಚೆ ಒಯ್ಯಬೇಕು. ದಿನಾ ಅವಳು "ಒಳಗೆ ಬನ್ನಿ ಡೋಲೀನಾ" ಎಂದು ಚಹಾ ಬಗ್ಗಿಸುತ್ತಾಳೆ. ಸಾಯುವವರೆಗೆ ಆ ಕಣ್ಣು ನೋಡಬೇಕು.

ಹೊಲದ ಆಸೆ ಇತ್ತು, ಇಲ್ಲವೆಂದಲ್ಲ. ಆದರೆ ಆ ಗಳಿಗೆಯಲ್ಲಿ ಡೋಲೀನಾ ಕೈ ಎತ್ತಿದ್ದು ಹೊಲಕ್ಕಾಗಿ ಅಲ್ಲ.

ಅವಳ ಕೈ ಮೇಲೇರುತ್ತಲೇ ಉಳಿದ ಆರೂ ಏರಿದವು. ಹೊರಗೆ ಬರುವಾಗ ಕಿರ್ಸ್ಟಿ ಕಣ್ಣೊರೆಸಿಕೊಳ್ಳುತ್ತ, "ಪಾಪ, ಆ ಮಕ್ಕಳು," ಎಂದಳು. "ಶಾಲೆ ಗತಿ ಏನೋ ಇನ್ನು," ಎಂದ ಇನ್ನೊಬ್ಬ. ಎಲ್ಲರಿಗೂ ನಿಜವಾಗಿಯೂ ಬೇಸರವಾಗಿತ್ತು.

ಅಕ್ಟೋಬರಿನ ಮೊದಲ ವಾರ ದೋಣಿ ಬಂತು. ಬ್ರೂನಸೇಯಲ್ಲಿ ಮನೆ ಖಾಲಿ ಮಾಡುವವರ ಸಾಮಾನು ಹೊರಲು ಮನೆಗೊಬ್ಬರಂತೆ ಬರಲೇಬೇಕು. ಸತ್ತವರ ಮನೆಗೆ ಬಾರದಿದ್ದರೂ ಕ್ಷಮಿಸುತ್ತಾರೆ, ಇದಕ್ಕೆ ಬಾರದಿದ್ದರೆ ಇಲ್ಲ. ಬಂದರಿನವರೆಗೆ ಟ್ರ್ಯಾಕ್ಟರಿನಲ್ಲಿ ಬಂದ ಸಾಮಾನನ್ನು ಅಲ್ಲಿಂದ ಹನ್ನೊಂದು ಕಲ್ಲಿನ ಮೆಟ್ಟಿಲು ಇಳಿಸಿ ದೋಣಿಗೆ ಮುಟ್ಟಿಸಬೇಕು. ಎಲ್ಲರೂ ಬಂದಿದ್ದರು. ಎಲ್ಲರೂ ತುಂಬ ಒಳ್ಳೆಯವರಾಗಿದ್ದರು. ಕಿರ್ಸ್ಟಿ ಮಕ್ಕಳಿಗೆ ದಾರಿಗೆಂದು ಓಟ್ಸಿನ ಬಿಸ್ಕತ್ತು ಕಟ್ಟಿ ತಂದಿದ್ದಳು. ಅಣ್ಣತಮ್ಮಂದಿರು ಕಬ್ಬಿಣದ ಒಲೆಯನ್ನು ಇಬ್ಬರೇ ಹೊತ್ತರು. ಡೇವಿ ದೋಣಿಯಲ್ಲಿ ನಿಂತು ಒಂದೊಂದನ್ನೂ ತೆಗೆದುಕೊಳ್ಳುತ್ತಿದ್ದ.

ಕೊನೆಗೆ ಉಳಿದದ್ದು ಡ್ರಾಯರುಗಳಿದ್ದ ಒಂದು ಮರದ ಬೀರು. ಐಲ್ಸಾ ಅದರ ಒಂದು ತುದಿಗೆ ಬಂದು ನಿಂತಳು.

"ಡೋಲಿ, ಆ ಕಡೆ ಹಿಡಿ," ಎಂದ ಫಿನ್ಲೇ.

ಡೋಲೀನಾ ಹಿಡಿದಳು. ಐಲ್ಸಾ ಕೆಳಗಿನ ತುದಿ ಹಿಡಿದು ಸಮುದ್ರಕ್ಕೆ ಬೆನ್ನು ಮಾಡಿ ಹಿಂದಕ್ಕೆ ಇಳಿಯಬೇಕಾಯಿತು. ಹಾಗೆ ಇಳಿಯುವವರಿಗೆ ಕಾಲಕೆಳಗೆ ಏನಿದೆಯೆಂದು ಕಾಣುವುದಿಲ್ಲ. ಮೇಲಿರುವವರು ನೋಡಿ ಹೇಳಬೇಕು.

"ಮೆಟ್ಟಿಲು," ಎಂದಳು ಡೋಲೀನಾ.

ಐಲ್ಸಾ ನಿಂತಳು. ಬೀರನ್ನು ತೊಡೆಗೆ ಆನಿಸಿಕೊಂಡಳು. ಕತ್ತು ಪೂರ್ತಿ ಹಿಂದಕ್ಕೆ ತಿರುಗಿಸಿ ಮೆಟ್ಟಿಲನ್ನು ತಾನೇ ನೋಡಿದಳು. ಆಮೇಲೆ ಕಾಲಿಟ್ಟಳು.

"ಇನ್ನೊಂದು."

ಐಲ್ಸಾ ಮತ್ತೆ ನಿಂತಳು, ಆನಿಸಿಕೊಂಡಳು, ತಿರುಗಿ ನೋಡಿದಳು, ಕಾಲಿಟ್ಟಳು. ಭಾರಕ್ಕೆ ಅವಳ ತೋಳು ನಡುಗುತ್ತಿತ್ತು. ಕುರ್ಚಿ, ಬಕೆಟ್ಟು ಹಿಡಿದವರು ಮೇಲೆ ಸಾಲುಗಟ್ಟಿ ಕಾಯುತ್ತಿದ್ದರು.

"ಏನಮ್ಮಾ, ಉಬ್ಬರ ಇಳಿದು ಹೋಗೋವರೆಗೂ ನಿಲ್ತೀಯಾ?" ಎಂದು ಫಿನ್ಲೇ ಮೇಲಿನಿಂದ ಕೂಗಿದ. "ಡೋಲಿ ಹೇಳ್ತಿದಾಳಲ್ಲ, ಇಳೀಬಾರ್ದಾ!"

ಐಲ್ಸಾ ಮೂರನೆಯದನ್ನೂ ನೋಡಿದಳು, ನಾಲ್ಕನೆಯದನ್ನೂ ನೋಡಿದಳು. ಡೋಲೀನಾ ಪ್ರತಿಯೊಂದನ್ನೂ ಸರಿಯಾಗಿ ಹೇಳಿದಳು, ಹೇಳುತ್ತ ಹೇಳುತ್ತ ಅವಳ ದನಿ ಇಳಿಯುತ್ತ ಬಂತು. ಹತ್ತನೆಯ ಮೆಟ್ಟಿಲಿನ ಹೊತ್ತಿಗೆ ಅದು ಅವರಿಬ್ಬರಿಗೆ ಮಾತ್ರ ಕೇಳುವಷ್ಟಿತ್ತು.

"ಇದೇ ಕೊನೇದು," ಎಂದಳು. "ಎಡಗಡೆ ಪಾಚಿ ಇದೆ. ಜಾರುತ್ತೆ, ಐಲ್ಸಾ."

ಐಲ್ಸಾ ತಿರುಗಿ ನೋಡಿದಳು. ಎಡಗಡೆ ಪಾಚಿ ಇತ್ತು. ಅವಳು ಬಲಗಡೆಗೆ ಕಾಲಿಟ್ಟು ಇಳಿದಳು.